ಮೈನ್ ನದಿ ದಂಡೆಯ ಒಂದು ಸಂಸಾರ

ಜೇಡಿಮಣ್ಣನ್ನು ಕಾಲಿನಿಂದ ತುಳಿತುಳಿದು ಹದ ಮಾಡಿ, ಕಲ್ಲು ಕಡ್ಡಿ ಆರಿಸಿ ಬಿಸಾಕಿ, ಮರದ ಅಚ್ಚಿಗೆ ಬಡಿದು ತುಂಬಿ, ಮೇಲೊಂದು ಹಲಗೆಯಿಂದ ಸವರಿ ಅಚ್ಚನ್ನು ಹುಷಾರಾಗಿ ಎತ್ತಿದರೆ ನೆಲದ ಮೇಲೆ ಒದ್ದೆ ಮಣ್ಣಿನ ದಪ್ಪ ಚೌಕವೊಂದು ಉಳಿಯುತ್ತದೆ. ನಾವು ನೀವು ಕಂಡ ಇಟ್ಟಿಗೆಯ ಅಳತೆಯಲ್ಲ ಇದು. ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕು ಬೆರಳು ದಪ್ಪ. ಒಬ್ಬನೇ ಎತ್ತಲು ಹೋದವನು ಸೊಂಟ ಹಿಡಿದುಕೊಂಡು ಕೂರಬೇಕಾಗುತ್ತದೆ. ಬಿಸಿಲಿಗೆ ಬರವಿರುವ ಆ ಸೀಮೆಯಲ್ಲಿ ಇದು ಒಣಗುವುದೇ ನಿಧಾನ. ಅವಸರಪಟ್ಟರೆ ಮೂಲೆ ಸೀಳುತ್ತದೆ, ಗೂಡಿನಲ್ಲಿ ಬೆಂಕಿ ಜಾಸ್ತಿಯಾದರೆ ಸೊಟ್ಟಗಾಗುತ್ತದೆ. ಹಸಿ ಸೌದೆಯ ಹೊಗೆ ಕಣ್ಣಿಗೆ ಅಡರುತ್ತ, ಸುಟ್ಟ ಮಣ್ಣಿನ ವಾಸನೆ ಬಟ್ಟೆಗೆ ಹತ್ತಿಕೊಳ್ಳುತ್ತ, ಕೆಲಸ ತನ್ನ ಪಾಡಿಗೆ ತಾನು ನಡೆಯುತ್ತದೆ. ಇಂಥ ದೊಡ್ಡ ಇಟ್ಟಿಗೆ 60 ಬೇಕು, ಇದಕ್ಕಿಂತ ಚಿಕ್ಕವು, ಮೂರು ಬೆರಳು ದಪ್ಪದವು, 200 ಬೇಕು ಎಂದು 9ನೇ ಶತಮಾನದ ಮೊದಲ ಭಾಗದಲ್ಲಿ ಒಬ್ಬರು ಕಾಗದ ಬರೆದಿದ್ದಾರೆ. ಬರೆದದ್ದು ಗಾರೆ ಮೇಸ್ತ್ರಿಯಲ್ಲ. ಇಬ್ಬರು ಚಕ್ರವರ್ತಿಗಳ ಮಂತ್ರಾಲೋಚನೆಯಲ್ಲಿ ಕುಳಿತವನು, ಪೋಪನ ಬಳಿಗೆ ರಾಯಭಾರ ಹೋದವನು, ಶಾರ್ಲಮೇನ್ ಚಕ್ರವರ್ತಿಯ ಜೀವನಚರಿತ್ರೆ ಬರೆದು ಯುರೋಪಿನ ಪಠ್ಯಪುಸ್ತಕಗಳಲ್ಲೆಲ್ಲ ಕೂತುಬಿಟ್ಟವನು. ಹೆಸರು ಐನ್‌ಹಾರ್ಡ್.

ಆಳು ಗಿಡ್ಡ. ಎಷ್ಟು ಗಿಡ್ಡ ಎಂದು ಅಳೆದಿಟ್ಟವರಿಲ್ಲ, ಆದರೆ ಅವನನ್ನು ಬಲ್ಲವರು ಬರೆದದ್ದರಲ್ಲೆಲ್ಲ ಮೊದಲು ಬರುವ ಸಂಗತಿ ಅದೇ. ಅವನ ಪುಸ್ತಕಕ್ಕೆ ಮುನ್ನುಡಿ ಬರೆದ ವಾಲಾಫ್ರಿಡ್ ಸ್ಟ್ರಾಬೊ ಕೂಡ ಹೊಗಳುವ ಮುಂಚೆ ಆ ಎತ್ತರದ ಮಾತೆತ್ತಿ ಒಂದು ಚೂರು ನಗೆಯಾಡಿಯೇ ಮುಂದೆ ಹೋಗುತ್ತಾನೆ. ಕವಿ ಥಿಯೊಡಲ್ಫ್ ಅವನನ್ನು ಸದಾ ಅತ್ತಿಂದಿತ್ತ ಓಡಾಡುವ ಇರುವೆಗೆ ಹೋಲಿಸಿದ. ಆ ಕವಿತೆಯನ್ನು ಅರಮನೆಯ ಊಟದ ಪಂಕ್ತಿಯಲ್ಲಿ ಓದಿದಾಗ ಎಲ್ಲರೂ ನಕ್ಕಿರಬೇಕು, ಇವನೂ ನಕ್ಕಿರಬೇಕು. ಆಸ್ಥಾನದಲ್ಲಿ ಬಾಳಬೇಕಾದವನಿಗೆ ತನ್ನ ಮೇಲಿನ ನಗೆಯನ್ನು ನುಂಗಿಕೊಳ್ಳುವ ಗಂಟಲು ಬೇಕೇ ಬೇಕು.

ಹುಟ್ಟಿದ್ದು ಸುಮಾರು 770ರಲ್ಲಿ, ಇಂದಿನ ಜರ್ಮನಿಯ ಮೈನ್ ನದಿ ಹರಿಯುವ ನಾಡಿನಲ್ಲಿ. ತಂದೆ ಐನ್‌ಹಾರ್ಟ್, ತಾಯಿ ಎಂಗಿಲ್‌ಫ್ರಿಟ್. ಫುಲ್ಡಾದ ಮಠಕ್ಕೆ ಜಮೀನು ಬರೆದುಕೊಟ್ಟ ಅನುಕೂಲಸ್ಥರು. ಮಗನನ್ನೂ ಅದೇ ಮಠಕ್ಕೆ ಓದಲು ಕಳಿಸಿದರು. ಕತ್ತಿ ಹಿಡಿಯುವ ಮೈಯಲ್ಲ, ಲೇಖನಿ ಹಿಡಿಯಲಿ ಎಂದುಕೊಂಡಿರಬಹುದು. ಚರ್ಮದ ಹಾಳೆಯನ್ನು ಉಜ್ಜಿ ನುಣುಪು ಮಾಡುವ ಸದ್ದು, ಗರಿಯ ತುದಿಯನ್ನು ಚಾಕುವಿನಿಂದ ಕೊರೆಯುವ ಸದ್ದು, ಚಳಿಗೆ ಮರಗಟ್ಟಿದ ಬೆರಳುಗಳನ್ನು ಬಾಯಿಂದ ಊದಿಕೊಳ್ಳುವ ಹುಡುಗರು, ಆ ಕೋಣೆಯಲ್ಲಿ ಅವನ ಕೈ ಪಳಗಿತು. 788ರಿಂದಾಚೆಗಿನ ಕೆಲವು ದಾನಪತ್ರಗಳಲ್ಲಿ ಬರೆದವನು ಐನ್‌ಹಾರ್ಡ್ ಎಂಬ ರುಜು ಇದೆ. ಹುಡುಗ ಚುರುಕು ಎಂದು ಕಂಡ ಮಠಾಧಿಪತಿ ಬೌಗುಲ್ಫ್ ಅವನನ್ನು ಅರಮನೆಗೆ ಕಳಿಸಿಕೊಟ್ಟ.

ಅರಮನೆ ಎಂದರೆ ಆಹನ್. ಬನ್ನಿ, ಆ ಊರಿನೊಳಗೆ ಒಂದು ಸುತ್ತು ಹೋಗೋಣ. ಮೂಗಿಗೆ ಮೊದಲು ಬಡಿಯುವುದು ಗಂಧಕದ ವಾಸನೆ. ನೆಲದಿಂದ ಬಿಸಿನೀರು ಉಕ್ಕುವ ಜಾಗವಿದು, ಚಕ್ರವರ್ತಿ ಇಲ್ಲಿ ಮನೆ ಕಟ್ಟಿದ್ದೇ ಆ ನೀರಿನ ಆಸೆಗೆ. ಈಜಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲವಂತೆ. ಮಕ್ಕಳು, ಗೆಳೆಯರು, ಕಾವಲಿನವರು ಎನ್ನದೆ ಎಲ್ಲರನ್ನೂ ನೀರಿಗೆ ಕರೆಯುತ್ತಿದ್ದ, ಒಮ್ಮೊಮ್ಮೆ 100 ಜನಕ್ಕೂ ಮಿಕ್ಕಿ ಕೊಳದಲ್ಲಿರುತ್ತಿದ್ದರು ಎಂದು ಬರೆದವನು ಐನ್‌ಹಾರ್ಡನೇ. ಆ ಆವಿಯ ಆಚೆ ಕಲ್ಲು ಕೆತ್ತುವ ಉಳಿಯ ಟಣಟಣ, ಸುಣ್ಣದ ಧೂಳು, ಎತ್ತಿನ ಗಾಡಿಗಳ ಕಿರುಗುಟ್ಟುವಿಕೆ. ಎಂಟು ಮೂಲೆಯ ಚರ್ಚು ಮೇಲೇಳುತ್ತಿದೆ. ಅದಕ್ಕೆ ಬೇಕಾದ ಅಮೃತಶಿಲೆಯ ಕಂಬಗಳು ರೋಮ್ ಮತ್ತು ರವೆನ್ನಾದಿಂದ ಬರುತ್ತಿವೆ. ಈ ಗದ್ದಲದ ನಡುವೆ ಇಂಗ್ಲೆಂಡಿನಿಂದ ಬಂದ ಗುರು ಅಲ್ಕ್ವಿನ್ ಪಾಠ ಹೇಳುತ್ತಾನೆ, ಶಿಷ್ಯರಿಗೆಲ್ಲ ಅಡ್ಡಹೆಸರಿಡುತ್ತಾನೆ. ಐನ್‌ಹಾರ್ಡನಿಗೆ ಸಿಕ್ಕ ಹೆಸರು ಬೆಸಲೇಲ. ಬೈಬಲ್ಲಿನಲ್ಲಿ ದೇವರ ಗುಡಾರವನ್ನು ಕಟ್ಟಿದ ಕುಶಲಕರ್ಮಿ ಅವನು. ಹೆಸರು ತಮಾಷೆಗೆ ಇಟ್ಟದ್ದಲ್ಲ. ಆಹನ್ ಅರಮನೆಯ ಕಟ್ಟಡದ ಉಸ್ತುವಾರಿ ಒಂದು ಕಾಲಕ್ಕೆ ಇವನ ಕೈಯಲ್ಲಿತ್ತು.

ಅಲ್ಲಿ ಅವನು ನೋಡಿದ. ಸುಮ್ಮನೆ ನಿಂತು ನೋಡುವುದು ಕೂಡ ಒಂದು ಉದ್ಯೋಗ ಎನ್ನುವುದಾದರೆ ಅದರಲ್ಲಿ ಅವನನ್ನು ಮೀರಿಸಿದ ಆಸ್ಥಾನಿಕ ಇನ್ನೊಬ್ಬನಿಲ್ಲ. ಚಕ್ರವರ್ತಿಯ ದುಂಡು ತಲೆ, ದೊಡ್ಡ ಕಣ್ಣು, ಕೊಂಚ ಉದ್ದ ಮೂಗು, ಗಿಡ್ಡ ಕತ್ತು, ಮುಂದೆ ಬಂದ ಹೊಟ್ಟೆ, ಅಷ್ಟು ದೊಡ್ಡ ದೇಹಕ್ಕೆ ಒಪ್ಪದ ತೆಳು ದನಿ. ಹುರಿದ ಮಾಂಸ ಬಿಟ್ಟು ಬೇಯಿಸಿದ್ದು ತಿನ್ನಿ ಎಂದ ವೈದ್ಯರ ಮೇಲೆ ಅವನಿಗಿದ್ದ ಸಿಟ್ಟು. ಹಾಸಿಗೆಯ ದಿಂಬಿನ ಕೆಳಗೆ ಬರೆಯುವ ಹಲಗೆ ಇಟ್ಟುಕೊಂಡು, ಬಿಡುವಾದಾಗ ಅಕ್ಷರ ತಿದ್ದುತ್ತಿದ್ದದ್ದು, ವಯಸ್ಸು ಮೀರಿ ಶುರುಮಾಡಿದ್ದರಿಂದ ಕೈ ಹತ್ತದೆ ಹೋದದ್ದು. ಯುರೋಪಿನ ಅರ್ಧವನ್ನು ಆಳಿದವನು ಇರುಳಲ್ಲಿ ಒಬ್ಬನೇ ಕೂತು ಅಕ್ಷರ ತಿದ್ದುವ ಆ ಚಿತ್ರವೊಂದಕ್ಕೇ ಐನ್‌ಹಾರ್ಡನ ಪುಸ್ತಕವನ್ನು ಓದಬಹುದು. ಇಷ್ಟೆಲ್ಲ ಬರೆದವನು ತನ್ನ ಬಗ್ಗೆ ಏನು ಬರೆದ? ಹೆಚ್ಚುಕಮ್ಮಿ ಏನೂ ಇಲ್ಲ. 806ರಲ್ಲಿ, ಮೂವರು ಮಕ್ಕಳ ನಡುವೆ ರಾಜ್ಯ ಹಂಚುವ ಪತ್ರಕ್ಕೆ ಪೋಪ್ ಮೂರನೆಯ ಲಿಯೊನ ರುಜು ತರಲು ರೋಮಿಗೆ ಹೋದದ್ದು ಇವನೇ. 813ರಲ್ಲಿ, ಉಳಿದ ಒಬ್ಬನೇ ಮಗ ಲೂಯಿಗೆ ಪಟ್ಟ ಕಟ್ಟಿಬಿಡಿ ಎಂದು ಮುದುಕ ಚಕ್ರವರ್ತಿಯ ಪಾದ ಹಿಡಿದು ಬಿನ್ನಹ ಮಾಡಿದವನೂ ಇವನೇ. ಇದನ್ನು ನಾವು ತಿಳಿಯಬೇಕಾಗಿರುವುದು ಬೇರೆಯವರ ಬರಹದಿಂದ.

814ರ ಜನವರಿಯಲ್ಲಿ ಶಾರ್ಲಮೇನ್ ತೀರಿಕೊಂಡ. ಹೊಸ ದೊರೆ ಬಂದಾಗ ಹಳೆಯ ದೊರೆಯ ಆಪ್ತರಿಗೆ ಬಾಗಿಲು ತೋರಿಸುವುದು ಎಲ್ಲ ಕಾಲದ ಪದ್ಧತಿ. ಲೂಯಿ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಅಕ್ಕತಂಗಿಯರನ್ನೂ ಬಿಡದೆ ಅರಮನೆಯಿಂದ ಹೊರಗೆ ಕಳಿಸಿದ. ಆದರೆ ಗಿಡ್ಡ ಐನ್‌ಹಾರ್ಡ್ ಉಳಿದುಕೊಂಡ. ಉಳಿದುಕೊಂಡದ್ದಷ್ಟೇ ಅಲ್ಲ, ಮರುವರ್ಷ, 815ರಲ್ಲಿ, ಎರಡು ಊರುಗಳು ಉಂಬಳಿಯಾಗಿ ಬಂದವು. ಒಂದು, ಓಡನ್‌ವಾಲ್ಡ್ ಎಂಬ ದಟ್ಟ ಕಾಡಿನ ನಡುವಿನ ಮಿಶೆಲ್‌ಸ್ಟಾಟ್. ಇನ್ನೊಂದು, ಮೈನ್ ನದಿಯ ದಂಡೆಯ ಮ್ಯೂಲಿನ್‌ಹೈಮ್. ದಾನಪತ್ರದಲ್ಲಿ ಗಮನಿಸಬೇಕಾದದ್ದು ಊರುಗಳ ಹೆಸರಲ್ಲ, ಪಡೆದವರ ಹೆಸರು. ಐನ್‌ಹಾರ್ಡನಿಗೆ ಮತ್ತು ಅವನ ಹೆಂಡತಿ ಎಮ್ಮಾಳಿಗೆ ಎಂದು ಇಬ್ಬರನ್ನೂ ಕೂಡಿಸಿ ಬರೆದಿದೆ.

ಎಮ್ಮಾ ಎಂದೊಡನೆ ಜರ್ಮನಿಯ ಆ ಭಾಗದ ಜನ ಒಂದು ಕತೆ ಹೇಳುತ್ತಾರೆ. ಆಕೆ ಚಕ್ರವರ್ತಿಯ ಮಗಳಂತೆ; ಐನ್‌ಹಾರ್ಡ್ ರಾತ್ರಿ ಗುಟ್ಟಾಗಿ ಅವಳ ಕೋಣೆಗೆ ಹೋದನಂತೆ; ಬೆಳಗಾಗುವುದರೊಳಗೆ ಅಂಗಳದ ತುಂಬ ಹಿಮ ಬಿದ್ದು, ಗಂಡಸಿನ ಹೆಜ್ಜೆ ಮೂಡಿದರೆ ಸಿಕ್ಕಿಬಿದ್ದೇವು ಎಂದು ಆಕೆಯೇ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಅಂಗಳ ದಾಟಿಸಿದಳಂತೆ. ನಿದ್ದೆ ಬಾರದೆ ಕಿಟಕಿಯಲ್ಲಿ ನಿಂತಿದ್ದ ಶಾರ್ಲಮೇನ್ ಅದನ್ನು ಕಂಡು, ಕೊನೆಗೆ ಮನಸ್ಸು ಕರಗಿ ಮದುವೆ ಮಾಡಿಕೊಟ್ಟನಂತೆ. ಕತೆ ಚೆಂದ. ಆದರೆ ಅದನ್ನು ಬರೆದಿಟ್ಟದ್ದು 12ನೇ ಶತಮಾನದಲ್ಲಿ, ಲಾರ್ಶ್ ಎಂಬ ಮಠದ ಚರಿತ್ರೆಯಲ್ಲಿ, ಅಂದರೆ ಇಬ್ಬರೂ ಸತ್ತು ಮುನ್ನೂರು ವರ್ಷ ಕಳೆದ ಮೇಲೆ. ಚಕ್ರವರ್ತಿಯ ಹೆಣ್ಣುಮಕ್ಕಳ ಹೆಸರುಗಳನ್ನು ಐನ್‌ಹಾರ್ಡನೇ ಪಟ್ಟಿ ಮಾಡಿದ್ದಾನೆ, ಅದರಲ್ಲಿ ಎಮ್ಮಾ ಇಲ್ಲ. ಆ ಹೆಣ್ಣುಮಕ್ಕಳನ್ನು ತಂದೆ ಯಾರಿಗೂ ಮದುವೆ ಮಾಡಿಕೊಡದೆ ಮನೆಯಲ್ಲೇ ಇಟ್ಟುಕೊಂಡಿದ್ದ, ಅವರಲ್ಲಿ ಬರ್ಥಾ ಎಂಬವಳು ಆಸ್ಥಾನದ ಆಂಗಿಲ್‌ಬರ್ಟನಿಂದ ಎರಡು ಮಕ್ಕಳನ್ನು ಹೆತ್ತಳು. ಊರ ಬಾಯಿಗೆ ಅಷ್ಟು ಸಾಕು. ನಡುವೆ ಗಂಡಸಿನ ಗಿಡ್ಡತನವೂ ಸೇರಿ ಹೊತ್ತೊಯ್ಯುವ ಕೆಲಸವನ್ನು ಸಲೀಸು ಮಾಡಿತು.

ಕತೆಯ ಎಮ್ಮಾಳಿಗಿಂತ ಕಾಗದಪತ್ರದ ಎಮ್ಮಾ ನನಗೆ ಹೆಚ್ಚು ಇಷ್ಟ. 819ರಲ್ಲಿ ಗಂಡ ಹೆಂಡತಿ ಸೇರಿ ಮಿಶೆಲ್‌ಸ್ಟಾಟನ್ನು ತಮ್ಮ ಕಾಲಾನಂತರ ಲಾರ್ಶ್ ಮಠಕ್ಕೆ ಸೇರಬೇಕೆಂದು ಬರೆದುಕೊಟ್ಟರು. ಅದರಲ್ಲೊಂದು ಷರತ್ತು: ಈ ಮದುವೆಯಿಂದ ಗಂಡುಮಕ್ಕಳು ಹುಟ್ಟಿದರೆ ಅವರಲ್ಲೊಬ್ಬ ಈ ಆಸ್ತಿಯನ್ನು ಅನುಭವಿಸಬಹುದು. ಹುಟ್ಟಿದರೆ! ಆಗ ಅವನಿಗೆ ಐವತ್ತರ ಹತ್ತಿರ ವಯಸ್ಸು. ದಾನಪತ್ರ ಬರೆಯುವ ಗುಮಾಸ್ತನ ಎದುರು ಕೂತು ಆ ಸಾಲನ್ನು ಸೇರಿಸು ಎಂದವರು ಯಾರೋ, ಅವನೋ ಅವಳೋ. ಮಕ್ಕಳಾದ ದಾಖಲೆ ಮುಂದೆ ಎಲ್ಲೂ ಇಲ್ಲ. ವುಸ್ಸಿನ್ ಎಂಬ ಓದುವ ಹುಡುಗನಿಗೆ ಐನ್‌ಹಾರ್ಡ್ ಮಗನೇ ಎಂದು ಕರೆದು ಕಾಗದ ಬರೆಯುತ್ತಾನೆ. ರೋಮನ್ ವಾಸ್ತುಗಾರ ವಿಟ್ರೂವಿಯಸ್‌ನ ಪುಸ್ತಕದ ಕಠಿಣ ಪದಗಳನ್ನು ಪಟ್ಟಿ ಮಾಡಿ ಕಳಿಸಿ, ಅರ್ಥ ತಿಳಿಯದಿದ್ದರೆ ದಂತದ ಪುಟಾಣಿ ಕಂಬಗಳಿರುವ ಆ ಪೆಟ್ಟಿಗೆಯನ್ನು ನೋಡು, ಗೊತ್ತಾಗುತ್ತದೆ ಎನ್ನುತ್ತಾನೆ. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೋ ಶಿಷ್ಯನಿಗೋ, ಕಂಬದ ಅಳತೆಯನ್ನು ಹೀಗೆ ಆಟಿಗೆ ತೋರಿಸಿ ಕಲಿಸಿದ ಮೇಷ್ಟರು ಒಳ್ಳೆಯವರೇ ಇರಬೇಕು.

ಮಿಶೆಲ್‌ಸ್ಟಾಟಿನಲ್ಲಿ ಮೊದಲು ಇದ್ದದ್ದು ಒಂದು ಸಣ್ಣ ಮರದ ಚರ್ಚು. ಸುತ್ತ ಬೀಚ್ ಮರಗಳ ಕಾಡು, ಕೊಳೆತ ಎಲೆಯ ವಾಸನೆ, ಬೆಳಗಿನ ಹೊತ್ತು ಕಣಿವೆಯಲ್ಲಿ ಎದ್ದು ಹೋಗದ ಮಂಜು. ಊರಿನ ಜೊತೆಗೆ ಅಲ್ಲಿಯ ಜೀತದಾಳುಗಳ ಸಂಸಾರಗಳೂ ದಾನವಾಗಿ ಬಂದಿದ್ದವು. ದಾನಪತ್ರದಲ್ಲಿ ಮನುಷ್ಯರನ್ನು ಹೊಲ, ಹುಲ್ಲುಗಾವಲುಗಳ ಸಾಲಿನಲ್ಲೇ ಎಣಿಸಿದ್ದಾರೆ. ಅವರ ಕೈಗಳಿಂದಲೇ ಸ್ಟೈನ್‌ಬಾಖ್ ಎಂಬಲ್ಲಿ ಹೊಸ ಚರ್ಚು ಎದ್ದಿತು, 827ರ ಹೊತ್ತಿಗೆ ಮುಗಿಯಿತು. ಅದರ ಕೆಳಗೆ ಇಳಿದರೆ ಶಿಲುಬೆಯ ಆಕಾರದಲ್ಲಿ ಹಾಯುವ ಇಕ್ಕಟ್ಟಾದ ನೆಲಮಾಳಿಗೆ. ಬಗ್ಗಿ ನಡೆಯಬೇಕು, ಗೋಡೆ ತಣ್ಣಗೆ ಕೈಗೆ ತಾಗುತ್ತದೆ. ಗೋಡೆಯಲ್ಲಿ ಕಲ್ಲಿನ ಶವಪೆಟ್ಟಿಗೆ ಹಿಡಿಸುವಷ್ಟು ಕಮಾನುಗೂಡುಗಳು. ತಾವಿಬ್ಬರೂ ಇಲ್ಲೇ ಮಲಗಬೇಕು ಎಂಬ ಲೆಕ್ಕಾಚಾರವಿತ್ತು.

ಕಟ್ಟಡವೇನೋ ಆಯಿತು, ಒಳಗೆ ಸಂತರಿಲ್ಲ. ಆ ಕಾಲದಲ್ಲಿ ಹುತಾತ್ಮ ಸಂತನ ಎಲುಬು ಇಲ್ಲದ ಚರ್ಚಿಗೆ ಮರ್ಯಾದೆ ಕಡಿಮೆ. ಇಲ್ಲಿಂದ ಮುಂದಿನದು ಶುದ್ಧ ಕಳ್ಳತನದ ಕತೆ, ಮತ್ತು ಅದನ್ನು ಅಳುಕಿಲ್ಲದೆ ವಿವರವಾಗಿ ಬರೆದಿಟ್ಟವನು ಸ್ವತಃ ಐನ್‌ಹಾರ್ಡ್. ರೋಮಿನಿಂದ ಡೇಯುಸ್‌ಡೋನಾ ಎಂಬ ಡೀಕನ್, ಅಂದರೆ ಕಿರಿಯ ಪಾದ್ರಿಯೊಬ್ಬ, ಏನೋ ಕೆಲಸಕ್ಕೆ ಆಹನ್‌ಗೆ ಬಂದಿದ್ದ. ಐನ್‌ಹಾರ್ಡ್ ಅವನನ್ನು ಊಟಕ್ಕೆ ಕರೆದ. ತಿನ್ನುತ್ತ ಕುಡಿಯುತ್ತ ಮಾತು ರೋಮಿನ ಪಾಳುಬಿದ್ದ ಸಮಾಧಿಗಳ ಕಡೆ ಹೊರಳಿತು. ಅಂಥ ಎಲುಬು ಅಸಲಿಯದು ಸಿಗುವುದು ಹೇಗೆ ಎಂದು ಆತಿಥೇಯ ಕೇಳಿದ; ಅತಿಥಿ ಕೊಂಚ ಬಿಗುಮಾನ ತೋರಿಸಿ, ಆಮೇಲೆ ಒಪ್ಪಿದ. ಹೋಗಲು ಒಂದು ಹೇಸರಗತ್ತೆ, ದಾರಿಖರ್ಚಿಗೆ ಹಣ. ಐನ್‌ಹಾರ್ಡನ ಗುಮಾಸ್ತ ರಾಟ್‌ಲೈಕ್ ಜೊತೆಗೆ ಹೊರಟ. ದಾರಿಯಲ್ಲಿ ಸ್ವಾಸ್ಸೋಂ ಊರಿನ ಮಠದಲ್ಲಿ ಇಳಿದಾಗ ಅದರ ಅಧಿಪತಿ ಹಿಲ್ಡುಯಿನ್, ನನಗೂ ಒಬ್ಬ ಸಂತ ಬೇಕು ಎಂದು ತನ್ನ ಆಳು ಹುನುಸ್‌ನನ್ನು ಗಂಟುಹಾಕಿದ.

ರೋಮ್ ತಲುಪಿದ ಮೇಲೆ ಡೇಯುಸ್‌ಡೋನಾನ ಮಾತು ದಿನಕ್ಕೊಂದು ಬಣ್ಣ ತಾಳಿತು: ತಮ್ಮ ಊರಲ್ಲಿಲ್ಲ, ಇವತ್ತಲ್ಲ ನಾಳೆ. ರಾಟ್‌ಲೈಕ್ ಕಾಯಲಿಲ್ಲ. ಊರಿನ ಹೊರಗೆ ಮೂರು ಮೈಲಿಯಾಚೆ ಲಾಬಿಕಾನಾ ಹೆದ್ದಾರಿಯ ಬದಿಯ ಚರ್ಚಿಗೆ ತಾನೇ ಹೋಗಿ ಜಾಗ ನೋಡಿಟ್ಟು ಬಂದ. ಮೂರು ದಿನ ಉಪವಾಸ ಮಾಡಿ, ರಾತ್ರಿ ಹೊತ್ತು, ಊರವರ ಕಣ್ಣು ತಪ್ಪಿಸಿ ಒಳಗೆ ಇಳಿದರು. ಮೊದಲು ತಿಬುರ್ತಿಯುಸ್ ಸಂತನ ಪೀಠಕ್ಕೆ ಕೈ ಹಾಕಿದರು, ಗಟ್ಟಿ ಅಮೃತಶಿಲೆ, ಕದಲಲಿಲ್ಲ. ಅಲ್ಲಿಂದ ಕೆಳಗಿನ ಗುಹೆಗೆ ಇಳಿದು ಒಂದು ಚಪ್ಪಡಿ ಸರಿಸಿದರೆ ತಲೆಯ ಬಳಿ ಹೆಸರು ಕೆತ್ತಿದ ಫಲಕ, ಮಾರ್ಸೆಲ್ಲಿನುಸ್. ಎಲುಬುಗಳನ್ನು ನಾರುಬಟ್ಟೆಯಲ್ಲಿ ಸುತ್ತಿ, ಚಪ್ಪಡಿಯನ್ನು ಇದ್ದ ಹಾಗೇ ಮುಚ್ಚಿ ಬಂದರು. ಆದರೆ ರಾಟ್‌ಲೈಕ್‌ಗೆ ಸಮಾಧಾನವಿಲ್ಲ. ಐನೂರು ವರ್ಷ ಜೊತೆಗೆ ಮಲಗಿದ ಇಬ್ಬರಲ್ಲಿ ಒಬ್ಬನನ್ನು ಒಯ್ದು ಇನ್ನೊಬ್ಬನನ್ನು ಬಿಟ್ಟುಹೋಗುವುದೇ? ಮತ್ತೊಂದು ರಾತ್ರಿ ಹೋಗಿ ಪೀಟರ್ ಎಂಬ ಇನ್ನೊಬ್ಬ ಹುತಾತ್ಮನನ್ನೂ ತಂದ. ಕಳ್ಳನ ಮನಸ್ಸಿನಲ್ಲಿ ಇಂಥ ಮೃದು ಜಾಗವಿರುವುದನ್ನು ಕಂಡಾಗ ಬೈಯುವುದೋ ಮೆಚ್ಚುವುದೋ ತಿಳಿಯುವುದಿಲ್ಲ.

ಸುದ್ದಿ ಹಬ್ಬಿತೇ ಎಂದು ಏಳು ದಿನ ಊರಲ್ಲೇ ಕಿವಿಗೊಟ್ಟು ಕೂತು, ಆಮೇಲೆ ಪಾವಿಯಾ ದಾಟಿ, ಆಲ್ಪ್ಸ್ ಹತ್ತಿಳಿದು ಬಂದರು. ಪೋಪನ ಕೈ ಚಾಚದ ನೆಲ ಸಿಕ್ಕಿದ್ದೇ ತಡ, ಮುಚ್ಚಿಟ್ಟಿದ್ದನ್ನು ಬಹಿರಂಗವಾಗಿ ಚಟ್ಟದ ಮೇಲೆ ಏರಿಸಿದರು. ಊರೂರಿನ ಜನ ಕೂಡಿಕೊಂಡು ಹಾಡುತ್ತ ಬಂದರು. ರೈನ್ ನದಿಯಲ್ಲಿ ದೋಣಿ, ಮುಂದೆ ಕಾಡುದಾರಿ, ಕೊನೆಗೆ ಮಿಶೆಲ್‌ಸ್ಟಾಟ್. ಸ್ಟೈನ್‌ಬಾಖ್‌ನ ಹೊಸ ಚರ್ಚಿನಲ್ಲಿ ಪೆಟ್ಟಿಗೆ ಇಟ್ಟರೆ ಸಂತರಿಗೆ ಜಾಗ ಒಗ್ಗಲಿಲ್ಲ. ಪೆಟ್ಟಿಗೆ ರಕ್ತದ ಬಣ್ಣದಲ್ಲಿ ಬೆವರಿತು, ಒಬ್ಬೊಬ್ಬರ ಕನಸಿನಲ್ಲೂ ಬಂದು ಬೇರೆ ಕಡೆ ಕರೆದೊಯ್ಯಿ ಎಂದರು ಎಂದು ಐನ್‌ಹಾರ್ಡ್ ಬರೆಯುತ್ತಾನೆ. 828ರ ಜನವರಿಯ ನಡುವಿನಲ್ಲಿ, ಮಳೆ ಮೋಡ ಕವಿದ ಒಂದು ಬೆಳಗ್ಗೆ, ಬಡವರ ದೊಡ್ಡ ಗುಂಪೊಂದು ಹಿಂದೆ ಅಳುತ್ತ ಬರುತ್ತಿರಲು, ಮೆರವಣಿಗೆ ಮೈನ್ ದಂಡೆಯ ಮ್ಯೂಲಿನ್‌ಹೈಮಿಗೆ ಹೊರಟಿತು. ಕಾಡಿನ ನಡುವೆ ಕಷ್ಟಪಟ್ಟು ಕಟ್ಟಿದ ಚರ್ಚು ಒಂದೇ ವರ್ಷದಲ್ಲಿ ಖಾಲಿ. ನದಿ ದಾರಿಯ ಊರಿಗೆ ಯಾತ್ರಿಕರು ಬರುವುದು ಸುಲಭ ಎಂಬುದು ಸಂತರಿಗೆ ಹೊಳೆದಿತ್ತೋ ಐನ್‌ಹಾರ್ಡನಿಗೆ ಹೊಳೆದಿತ್ತೋ, ಆ ಲೆಕ್ಕ ನನಗೆ ಹೊಳೆಯುತ್ತದೆ.

ಇದರೊಳಗೊಂದು ಉಪಕತೆ. ಆಹನ್‌ನಲ್ಲಿ ಒಂದು ಬೆಳಗ್ಗೆ ಅರಮನೆಗೆ ಬಂದ ಐನ್‌ಹಾರ್ಡ್, ಚಕ್ರವರ್ತಿಯ ಮಲಗುವ ಕೋಣೆಯ ಬಾಗಿಲಲ್ಲಿ ಕಾಯುತ್ತ ಕೂತ ಹಿಲ್ಡುಯಿನ್‌ನನ್ನು ಕಂಡ. ಇಬ್ಬರೂ ಎದ್ದು ಕಿಟಕಿಯ ಬಳಿ ಹೋಗಿ, ಕೆಳಗಿನ ಅಂಗಳದ ಕಡೆ ಮುಖ ಮಾಡಿ ನಿಂತು ಹರಟತೊಡಗಿದರು. ಮಾತಿಗೆ ಮಾತು ಬೆಳೆದು ಗುಟ್ಟು ಹೊರಬಿತ್ತು. ರೋಮಿನಲ್ಲಿ ಎಲ್ಲರೂ ಮೈಮರೆತಾಗ ಹುನುಸ್, ಕಾವಲಿದ್ದ ಡೇಯುಸ್‌ಡೋನಾನ ತಮ್ಮನಿಗೆ ಒಂದಿಷ್ಟು ಚಿನ್ನ ಬೆಳ್ಳಿ ಕೊಟ್ಟು ಮಾರ್ಸೆಲ್ಲಿನುಸ್‌ನ ಪೆಟ್ಟಿಗೆಯಿಂದ ಒಂದು ಪಾಲು ಎತ್ತಿಕೊಂಡಿದ್ದ. ಕದ್ದ ಮಾಲಿನಲ್ಲೇ ಕಳವು! ಐನ್‌ಹಾರ್ಡ್ ಜಗಳ ಬಿಡಲಿಲ್ಲ; ಎಳೆದಾಡಿ ವಾಪಸು ಪಡೆದ. ಅದನ್ನು ಆಹನ್‌ನ ತನ್ನ ಮನೆಯ ಪುಟ್ಟ ಪೂಜಾಗೃಹದಲ್ಲಿ ಇಟ್ಟಾಗ ಊರೇ ಸುಗಂಧದಿಂದ ತುಂಬಿತೆಂದು ಬರೆದಿದ್ದಾನೆ. ಗಂಧಕದ ವಾಸನೆಯ ಊರಿನಲ್ಲಿ ಅದೂ ಒಂದು ಪವಾಡವೇ. ಚಕ್ರವರ್ತಿನಿ ಯೂಡಿತ್ ಚಿನ್ನ ಮತ್ತು ರತ್ನದ ಮೂರು ಪೌಂಡ್ ತೂಕದ ತನ್ನ ಡಾಬನ್ನು ಬಿಚ್ಚಿ ಕಾಣಿಕೆ ಕೊಟ್ಟಳು.

ಮ್ಯೂಲಿನ್‌ಹೈಮಿನ ಮನೆಯೊಳಗೆ ಈಗ ಇಣುಕೋಣ. ಐನ್‌ಹಾರ್ಡ್ ಪಾದ್ರಿಯಲ್ಲ, ಸಂಸಾರಿ. ಆದರೂ ಗೆಂಟ್‌ನ ಎರಡು ಮಠಗಳು, ಮಾಸ್ಟ್ರಿಕ್ಟ್‌ನ ಸೇಂಟ್ ಸರ್ವೇಷಿಯಸ್ ಮಠ, ಪಾವಿಯಾದ ಒಂದು ಚರ್ಚು ಅವನ ಅಧೀನದಲ್ಲಿದ್ದವು. ಅಷ್ಟೂ ಕಡೆಯ ಪಾರುಪತ್ತೇಗಾರರಿಗೆ ಇಲ್ಲಿಂದ ಕಾಗದ ಹೋಗಬೇಕು. ಅವುಗಳಲ್ಲಿ ಅರವತ್ತರ ಆಸುಪಾಸು ಉಳಿದುಕೊಂಡಿವೆ, ಅದೂ ಒಂದೇ ಒಂದು ಹಸ್ತಪ್ರತಿಯಲ್ಲಿ. ಆಹನ್ ಮನೆ ರಿಪೇರಿಗೆ ಆಳು ಕಳಿಸಿ. ಹಿಟ್ಟು, ಮೊಳಕೆ ಧಾನ್ಯ, ವೈನ್, ಗಿಣ್ಣು ಹೊತ್ತಿಗೆ ಸರಿಯಾಗಿ ಬರಲಿ. ಕಡಿಯಬೇಕಾದ ಎತ್ತುಗಳನ್ನು ಇಂಥ ಊರಿಗೆ ಹೊಡೆದುಕೊಂಡು ಹೋಗಿ, ಇಟ್ಟರೆ ಕೆಡುವ ಕರುಳು ಕಿಡ್ನಿಯನ್ನು ಅಲ್ಲಿಯ ಆಳುಮಕ್ಕಳಿಗೆ ಹಂಚಿ. ಫ್ರಿಟ್ಸ್‌ಲಾರ್‌ನ ಪಾರುಪತ್ತೇಗಾರನ ಮೇಲಂತೂ ಕೆಂಡ ಕಾರಿದ್ದಾನೆ: ಚಳಿಗಾಲ ಪೂರ್ತಿ ನಿನ್ನ ಮುಖವಿಲ್ಲ, ಧಾನ್ಯವಿಲ್ಲ, ಕಳಿಸಿದ್ದು 30 ಹಂದಿ, ಅವೂ ಒಳ್ಳೆಯವಲ್ಲ ಸಾಧಾರಣ, ಮತ್ತೆ ಮೂರು ಅಳತೆ ಕಾಳು, ಹೀಗಾದರೆ ಆ ಉಂಬಳಿ ಇಟ್ಟುಕೊಂಡು ಏನು ಪ್ರಯೋಜನ! ಚರ್ಚಿನ ಚಾವಣಿಗೆ ಸೀಸ ಕೊಳ್ಳಲು 50 ಪೌಂಡ್ ಬೆಳ್ಳಿಯ ವ್ಯವಹಾರ ಬೇರೆ.

ಅದೇ ಕಂತೆಯೊಳಗೆ ಎಮ್ಮಾಳ ಕಾಗದಗಳೂ ಇವೆ. ಮೋಸ್‌ಬಾಖ್‌ನ ವೆನಿಲೊ ಎಂಬ ಜೀತದಾಳು ಸ್ವತಂತ್ರ ಹೆಣ್ಣೊಬ್ಬಳನ್ನು ಕೈಹಿಡಿದು, ಧಣಿಯ ಸಿಟ್ಟಿಗೆ ಹೆದರಿ ಸಂತರ ಹೊಸ್ತಿಲಿಗೆ ಓಡಿಬಂದಿದ್ದ. ಬ್ಲಿಡ್‌ಟ್ರುಟ್ ಎಂಬವಳನ್ನು ಪ್ರೀತಿಯ ತಂಗಿ ಎಂದು ಕರೆದು ಎಮ್ಮಾ ಬರೆಯುತ್ತಾಳೆ: ನೀನು ಆ ಧಣಿಗೆ ಹೇಳು, ಅವನ ಒಪ್ಪಿಗೆಯಿಂದಲೇ ಆ ಹೆಣ್ಣು ಇವನ ಹೆಂಡತಿಯಾಗಿರಲಿ. ಸಾಹಿತ್ಯದ ಸೊಗಸು ಅದರಲ್ಲಿಲ್ಲ, ಕೆಲಸ ಆಗಬೇಕು ಅಷ್ಟೇ. ಐನ್‌ಹಾರ್ಡನೂ ಹೀಗೆಯೇ, ಹೊಟ್ಟೆಪಾಡಿಗೆ ಕಾಡುಪ್ರಾಣಿ ಹೊಡೆದು ದಂಡ ತೆರಲಾಗದೆ ಬಂದ ಇಬ್ಬರು ಬಡವರ ಪರವಾಗಿ ಪೊಪ್ಪೊ ಎಂಬ ಸಾಮಂತನಿಗೆ ಬರೆಯುತ್ತಾನೆ. ಸಂತರ ಮೂಳೆಗೆ ಎಷ್ಟು ಮಹಿಮೆಯಿತ್ತೋ ಕಾಣೆ, ಹೊಸ್ತಿಲಲ್ಲಿ ಕೈಮುಗಿದು ಕೂತವರಿಗಾಗಿ ಕಾಗದ ಬರೆಯುವ ಗಂಡ ಹೆಂಡತಿ ಒಳಗಿದ್ದರು.

ಅತ್ತ ರಾಜ್ಯ ಒಡೆಯುತ್ತಿತ್ತು. ಲೂಯಿಯ ಹಿರಿಯ ಮಗ ಲೊಥಾರ್‌ಗೆ ಬುದ್ಧಿ ಹೇಳುವ ಹೊಣೆ 817ರಿಂದ ಇವನದೇ; ಅಪ್ಪನ ವಿರುದ್ಧ ನಿಲ್ಲಬೇಡ ಎಂದು ಬರೆದದ್ದು ನಾಟಲಿಲ್ಲ. ನೇರ ಹೇಳಿದರೆ ಕೇಳದವರಿಗೆ ದೆವ್ವದ ಬಾಯಲ್ಲಿ ಹೇಳಿಸುವ ಉಪಾಯವನ್ನೂ ಮಾಡಿದ. ಹದಿನಾರರ ಹಳ್ಳಿ ಹುಡುಗಿಯೊಬ್ಬಳ ಮೈಮೇಲೆ ವಿಗ್ಗೊ ಎಂಬ ದೆವ್ವ ಬಂದು, ಅವಳಿಗೆ ಗೊತ್ತಿಲ್ಲದ ಲ್ಯಾಟಿನ್‌ನಲ್ಲಿ, ತಾನು ಹನ್ನೊಂದು ಜೊತೆಗಾರರೊಡನೆ ಈ ನಾಡಿನ ಬೆಳೆ, ದ್ರಾಕ್ಷಿ, ದನಕರುಗಳನ್ನು ಹಾಳುಮಾಡುತ್ತಿರುವುದಾಗಿಯೂ, ಆಳುವವರ ದುರಾಸೆ ಲಂಚಗಳೇ ತನಗೆ ಬಾಗಿಲು ತೆರೆದವೆಂದೂ ಹೇಳಿತು. ಮಂತ್ರಿ ಬರೆದ ರಾಜ್ಯಾಡಳಿತದ ಟೀಕೆಗಳಲ್ಲಿ ಇಷ್ಟು ಜಾಣತನದ್ದು ಅಪರೂಪ. 830ರಲ್ಲಿ ಮಕ್ಕಳು ದಂಗೆಯೆದ್ದಾಗ ಚಕ್ರವರ್ತಿನಿ ಇವನನ್ನು ಕೊಂಪಿಯೇನ್‌ಗೆ ಕರೆಸಿದಳು. ಅರ್ಧ ದಾರಿಯಲ್ಲಿ ವಾಲೆನ್ಸಿಯೆನ್‌ನಿಂದ ಇವನ ಕಾಗದ ಬಂತು: ಗುಲ್ಮ ಮತ್ತು ಮೂತ್ರಪಿಂಡದ ನೋವು, ಕುದುರೆ ಏರಲಾರೆ, ದೋಣಿಯಲ್ಲಿ ಗೆಂಟ್‌ಗೆ ಹೋಗಲು ಅಪ್ಪಣೆಯಾಗಲಿ. ನೋವು ಇದ್ದಿರಬಹುದು. ಬಂದ ಸಮಯ ಮಾತ್ರ ಬಹಳ ಅನುಕೂಲದ್ದು.

835ರ ಕೊನೆಗೋ 836ರ ಆರಂಭಕ್ಕೋ ಎಮ್ಮಾ ತೀರಿಕೊಂಡಳು. ಫುಲ್ಡಾದಲ್ಲಿ ಓದುತ್ತಿದ್ದ ಲೂಪುಸ್ ಎಂಬ ತರುಣ ಸನ್ಯಾಸಿ, ಹಿಂದೆ ಸಿಸೆರೊನ ಪುಸ್ತಕ ಸಾಲ ಕೇಳಿ ಸ್ನೇಹ ಬೆಳೆಸಿಕೊಂಡವನು, ಸಾಂತ್ವನದ ಓಲೆ ಬರೆದ. ಅದಕ್ಕೆ ಉತ್ತರವಾಗಿ ಐನ್‌ಹಾರ್ಡ್ ಬರೆದದ್ದರಲ್ಲಿ ಲ್ಯಾಟಿನ್ ಪಂಡಿತನ ಅಲಂಕಾರ ಕಳಚಿಬಿದ್ದಿದೆ. ಮೊದಲು ಹೆಂಡತಿಯಾಗಿದ್ದಳು, ಆಮೇಲೆ ತಂಗಿಯೂ ಸಂಗಾತಿಯೂ ಆದಳು ಎನ್ನುತ್ತಾನೆ. ಇಷ್ಟು ದೊಡ್ಡ ಚರ್ಚು ಕಟ್ಟಿ ಪೂಜಿಸಿದ ಸಂತರು ಮೊರೆ ಕೇಳಲಿಲ್ಲವಲ್ಲ ಎಂಬ ಕಹಿಯನ್ನು ಮುಚ್ಚಿಡುವುದಿಲ್ಲ. ದಿನದಿನವೂ, ಪ್ರತಿ ಕೆಲಸದಲ್ಲೂ, ಮನೆವಾರ್ತೆಯ ಒಂದೊಂದು ಸಂಗತಿಯಲ್ಲೂ ಅವಳಿಲ್ಲದ್ದು ಗೊತ್ತಾಗುತ್ತದೆ, ಗಾಯ ಮಾಯುವ ಹೊತ್ತಿಗೆ ಮತ್ತೆ ಕೆದಕುತ್ತದೆ ಎಂದು ತೋಡಿಕೊಳ್ಳುತ್ತಾನೆ. ಹಿಟ್ಟು, ವೈನ್, ಗಿಣ್ಣಿನ ಕಾಗದಗಳನ್ನು ಓದಿ ಬಂದ ನಮಗೆ ಆ ಮಾತಿನ ಭಾರ ತಿಳಿಯುತ್ತದೆ; ಅವು ಒಬ್ಬನ ತಲೆಯಿಂದ ಹೊರಟ ಕಾಗದಗಳಾಗಿರಲಿಲ್ಲ. ಆ ವರ್ಷವೇ ಚಕ್ರವರ್ತಿ ಲೂಯಿ ಮೈನ್ ದಂಡೆಗೆ ಬಂದು ಅವನನ್ನು ಮಾತಾಡಿಸಿಕೊಂಡು ಹೋದ. 840ರ ಮಾರ್ಚ್ 14ರಂದು ಐನ್‌ಹಾರ್ಡ್ ಸತ್ತ. ಸಮಾಧಿಯ ಪದ್ಯ ಬರೆದವನು ಫುಲ್ಡಾ ಮಠದ ರಬಾನುಸ್ ಮೌರುಸ್. ಆ ಜೂನಿನಲ್ಲಿ ಲೂಯಿಯೂ ಹೋದ, ಮೂರು ವರ್ಷದ ಮೇಲೆ ವೆರ್ದಾಂ ಒಪ್ಪಂದದಲ್ಲಿ ಸಾಮ್ರಾಜ್ಯ ಮೂರು ಹೋಳಾಯಿತು.

ಶಾರ್ಲಮೇನನ ಚರಿತ್ರೆ ದೊಡ್ಡ ಪುಸ್ತಕ, ಅನುಮಾನವಿಲ್ಲ. ಆದರೆ ಐನ್‌ಹಾರ್ಡ್ ಎಂಬ ಮನುಷ್ಯ ಸಿಗುವುದು ಅದರಲ್ಲಲ್ಲ, ಮನೆಯ ಕಾಗದಗಳಲ್ಲಿ. ಅಲ್ಲಿ ಅವನ ಪಕ್ಕದಲ್ಲೇ ಎಮ್ಮಾ ಇದ್ದಾಳೆ. ಮ್ಯೂಲಿನ್‌ಹೈಮಿಗೆ ಈಗ ಸೆಲಿಗೆನ್‌ಸ್ಟಾಟ್ ಎಂದು ಹೆಸರು, ಫ್ರಾಂಕ್‌ಫರ್ಟ್‌ನಿಂದ ಸುಮಾರು 25 ಕಿಲೋಮೀಟರ್. ಅಲ್ಲಿಯ ಬೆಸಿಲಿಕಾದಲ್ಲಿ ಗಂಡ ಹೆಂಡತಿಯ ಸಮಾಧಿಯಿದೆ. ಸ್ಟೈನ್‌ಬಾಖ್‌ನ ಚರ್ಚು ಪಕ್ಕದ ಸಾಲುಗಳನ್ನು ಕಳೆದುಕೊಂಡರೂ ನಡುಭಾಗ ಮತ್ತು ನೆಲಮಾಳಿಗೆಯನ್ನು ಉಳಿಸಿಕೊಂಡಿದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಕೆಲಸಕ್ಕೆಂದು ಹೋಗಿಬರುವವರು ನಮ್ಮಲ್ಲಿ ಈಗ ಬಹಳ. ಒಂದು ಭಾನುವಾರ ಬಿಡುವು ಮಾಡಿಕೊಂಡು ಎರಡನ್ನೂ ನೋಡಿ ಬನ್ನಿ. ಒಂದಕ್ಕೇ ಹೊತ್ತು ಸಿಕ್ಕುವುದಾದರೆ ಸ್ಟೈನ್‌ಬಾಖ್‌ಗೆ ಹೋಗಿ, ತಲೆ ತಗ್ಗಿಸಿ ಇಳಿಯುವುದನ್ನು ಮಾತ್ರ ಮರೆಯಬೇಡಿ.